19 ಮಕ್ಕಳ ಶಾಲೆಗೆ ವರ್ಷಕ್ಕೆ 10 ಸಾವಿರ. ಈ ಲೆಕ್ಕ ಬದಲಿಸಿ ಅಂತ ಯಾರನ್ನು ಕೇಳಬೇಕು?

ಹೊಳೆದಂಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಊರಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ಒಂದರಿಂದ ಐದರವರೆಗೆ 19 ಮಕ್ಕಳು, ಇಬ್ಬರು ಟೀಚರ್. ನನ್ನ ಮಗಳು ಮೂರನೇ ಕ್ಲಾಸ್. ಹೋದ ವರ್ಷ ನನ್ನನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ಮಾಡಿದರು. ಸಹಿ ಹಾಕೋದಷ್ಟೇ ಕೆಲಸ ಅಂದುಕೊಂಡಿದ್ದೆ. ಒಂದು ದಿನ ಕೂತು ಕ್ಯಾಶ್ ಬುಕ್ ಓದಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಡೀ ವರ್ಷಕ್ಕೆ ಬಂದ ಶಾಲಾ ಅನುದಾನ 10 ಸಾವಿರ ರೂಪಾಯಿ. ಅದರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಇಡಬೇಕು. ಉಳಿದ 9 ಸಾವಿರದಲ್ಲಿ ಚಾಕ್‌ಪೀಸ್, ರಿಜಿಸ್ಟರ್, ಬಲ್ಬು, ನಲ್ಲಿ, ಬೀಗ, ಆಗಸ್ಟ್ 15, ಜನವರಿ 26 ಎಲ್ಲ ಮುಗಿಯಬೇಕು. ಈ ಸಲದ ಮಳೆಗೆ ಹೆಂಚಿಗೆ ಆಸರೆಯಾದ ಮರದ ಪಕಾಸು ಕುಸಿದು ಎರಡು ಕಡೆ ಹೆಂಚು ಬಿತ್ತು. ರಾತ್ರಿ ಬಿದ್ದಿದ್ದರಿಂದ ಮಕ್ಕಳಿಗೆ ಏನೂ ಆಗಲಿಲ್ಲ. ಬಡಗಿಯನ್ನು ಕರೆಸಿ ಕೇಳಿದರೆ 38 ಸಾವಿರ ಆಗುತ್ತೆ ಅಂದರು. ಅರ್ಜಿ ಕೊಟ್ಟೆವು. "ನಿಮ್ಮದು ಸಣ್ಣ ಶಾಲೆ ಅಲ್ವಾ, ಇಷ್ಟೇ ಬರೋದು" ಅನ್ನೋ ಉತ್ತರ ಸಿಕ್ಕಿತು. ಸಣ್ಣ ಶಾಲೆಯ ಮೇಲೆ ಸಣ್ಣ ಮಳೆ ಬೀಳುತ್ತಾ?

ಈಗ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಟೀಚರ್ ತಮ್ಮ ಸಂಬಳದಲ್ಲಿ ಟಾರ್ಪಾಲ್ ತಂದು ಹೊದಿಸಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಈ 10 ಸಾವಿರದ ಲೆಕ್ಕ ಹಾಕಿದವರು ಯಾರು? ಬದಲಿಸಿ ಅಂತ ಯಾರನ್ನು, ಹೇಗೆ ಕೇಳಬೇಕು? ದಾನಿಗಳ ಹೆಸರು ಬೇಡ. ಊರಿನವರು ಈಗಾಗಲೇ ಸಾಕಷ್ಟು ಕೊಟ್ಟಿದ್ದಾರೆ. ಸರ್ಕಾರ ಕೊಡಬೇಕಾದ್ದನ್ನು ಕೊಡಲಿ ಅನ್ನೋದು ನನ್ನ ಆಸೆ.

ಕರಿಹಲಗೆ
ಮೇಡಂ, ನಾನು 22 ವರ್ಷದಿಂದ ಪ್ರಾಥಮಿಕ ಶಾಲೆ ಶಿಕ್ಷಕ. ನಿಮ್ಮ ಲೆಕ್ಕ ಸರಿಯಾಗಿದೆ. ಇದು ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ. ಮಕ್ಕಳ ತಲೆ ಎಣಿಸಿ ಕೊಡುತ್ತಾರೆ. 30 ಮಕ್ಕಳವರೆಗೆ 10 ಸಾವಿರ. 31ರಿಂದ 100 ಇದ್ದರೆ 25 ಸಾವಿರ. 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ, ಅದಕ್ಕೂ ಮೇಲೆ 1 ಲಕ್ಷ. 2018ರಲ್ಲಿ ಯೋಜನೆ ಶುರುವಾದಾಗ ಸಣ್ಣ ಶಾಲೆಗೂ 25 ಸಾವಿರ ಇತ್ತು. ಆಮೇಲೆ 30ರ ಗೆರೆ ಎಳೆದು 10 ಸಾವಿರ ಮಾಡಿದರು.

ನಿಮ್ಮ ಟೀಚರ್ ಬಗ್ಗೆ ಓದಿ ಸಂಕಟ ಆಯಿತು. ನಾವೆಲ್ಲ ಅದನ್ನೇ ಮಾಡುತ್ತೇವೆ. ಮನೆಯಲ್ಲಿ ಹೇಳುವುದಿಲ್ಲ ಅಷ್ಟೇ.

ಹಳೇ ಬೆಂಚು
30 ಮಕ್ಕಳಿದ್ದರೆ 10 ಸಾವಿರ, 31 ಇದ್ದರೆ 25 ಸಾವಿರ! ಒಂದು ಮಗುವಿಗೆ 15 ಸಾವಿರ ವ್ಯತ್ಯಾಸ. ಇದು ಯಾವ ಲೆಕ್ಕ?

ಕೃಷ್ಣೆ ದಂಡಿ
ಅಕ್ಕಾರ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ನಮ್ಮ ಕಡೆ ಬಂದು ನೋಡಿ. ನಾನು ಯಾದಗಿರಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. 612 ಮಕ್ಕಳು. ನಮಗೆ ಬರೋದು 75 ಸಾವಿರ. 260 ಮಕ್ಕಳಿರೋ ಪಕ್ಕದ ಊರಿನ ಶಾಲೆಗೂ ಅದೇ 75 ಸಾವಿರ. ನೀವು ಮಳೆಗೆ ಟಾರ್ಪಾಲ್ ಕಟ್ಟಿದ್ದೀರಿ, ನಾವು ಬಿಸಿಲಿಗೆ ಮರದ ನೆರಳು ಹುಡುಕುತ್ತೇವೆ. ಎರಡು ಕ್ಲಾಸ್ ಹೊರಗೇ ನಡೆಯುತ್ತವೆ. ಕಾಯಂ ಶಿಕ್ಷಕರು ಅರ್ಧದಷ್ಟೂ ಇಲ್ಲ. ಉಳಿದವರು ಅತಿಥಿ ಶಿಕ್ಷಕರು. ಸಣ್ಣ ಶಾಲೆಗೇ ಅನ್ಯಾಯ ಅಂತ ಬರೆದರೆ ಅರ್ಧ ಸತ್ಯ ಆಗುತ್ತದೆ.

ಲೆಕ್ಕದ ಹುಡುಗ
ಇಬ್ಬರ ಮಾತೂ ಸರಿ. ಲೆಕ್ಕ ಹಾಕಿ ನೋಡಿದೆ.

19 ಮಕ್ಕಳ ಶಾಲೆ: ತಲಾ 526 ರೂ.
30 ಮಕ್ಕಳು: 333 ರೂ.
31 ಮಕ್ಕಳು: 806 ರೂ.
100 ಮಕ್ಕಳು: 250 ರೂ.
612 ಮಕ್ಕಳು: 123 ರೂ.
1000 ಮಕ್ಕಳು: 75 ರೂ.

ಒಂದು ಮಗುವಿನ ಲೆಕ್ಕದಲ್ಲಿ ದೊಡ್ಡ ಶಾಲೆಗೇ ಕಮ್ಮಿ. ಇಡೀ ಶಾಲೆಯ ಲೆಕ್ಕದಲ್ಲಿ ಸಣ್ಣ ಶಾಲೆಗೆ ಕಮ್ಮಿ. ಯಾಕಂದ್ರೆ ಛಾವಣಿ, ಶೌಚಾಲಯ, ನೀರಿನ ಟ್ಯಾಂಕ್ ಮಕ್ಕಳ ತಲೆ ಎಣಿಸುವುದಿಲ್ಲ. 19 ಮಕ್ಕಳಿದ್ದರೂ ಛಾವಣಿ ಒಂದು ಬೇಕೇ ಬೇಕು. ಚಾಕ್‌ಪೀಸ್, ಸೋಪು, ಕುಡಿಯುವ ನೀರು ಮಾತ್ರ ಮಕ್ಕಳ ಜೊತೆ ಏರುತ್ತವೆ. ಎರಡನ್ನೂ ಒಂದೇ ಗೆರೆಯಲ್ಲಿ ಅಳೆದಿದ್ದೇ ತಪ್ಪು. ಪ್ರತಿ ಶಾಲೆಗೂ ಒಂದು ಮೂಲ ಮೊತ್ತ, ಅದರ ಮೇಲೆ ಮಗುವಿಗೆ ಇಷ್ಟು ಅಂತ ಇದ್ದರೆ ಈ 30, 31ರ ಗೋಡೆಯೂ ಇರಲ್ಲ.

ಹೊಳೆದಂಡೆ
ಕೃಷ್ಣೆ ದಂಡಿ ಅಣ್ಣ, ಕ್ಷಮಿಸಿ. ನಾನು ನನ್ನ ಶಾಲೆ ಮಾತ್ರ ನೋಡಿದ್ದೆ. 123 ರೂಪಾಯಿ ಅಂದ್ರೆ ಮಗುವಿಗೆ ತಿಂಗಳಿಗೆ ಹತ್ತು ರೂಪಾಯಿ. ನಂಬಲಾಗುತ್ತಿಲ್ಲ.

ನೇರ ಮಾತು
ಯಾರಿಗೂ ಬೇಜಾರಾಗಬಾರದು, ಆದರೆ ಕೇಳಲೇಬೇಕು. 19 ಮಕ್ಕಳಿಗೆ ಒಂದು ಕಟ್ಟಡ, ಇಬ್ಬರು ಶಿಕ್ಷಕರ ಸಂಬಳ. ಇಂಥ ಐದು ಶಾಲೆ ಸೇರಿಸಿ ಒಂದು ಒಳ್ಳೆ ಶಾಲೆ ಮಾಡಿ ಬಸ್ ಕೊಟ್ಟರೆ ಆಗಲ್ವಾ? ಕರ್ನಾಟಕ ಪಬ್ಲಿಕ್ ಶಾಲೆಗಳು ಇರೋದೇ ಅದಕ್ಕೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಲ್ಯಾಬ್, ಗ್ರಂಥಾಲಯ, ಆಟದ ಮೈದಾನ, ವಿಷಯಕ್ಕೊಬ್ಬ ಶಿಕ್ಷಕರು. ನಾನು ಓದಿದ್ದು ಏಕೋಪಾಧ್ಯಾಯ ಶಾಲೆಯಲ್ಲಿ. ಮೇಷ್ಟ್ರು ಮೀಟಿಂಗ್‌ಗೆ ಹೋದ ದಿನ ಶಾಲೆಗೆ ಬೀಗ. ನನ್ನ ಮಗುವಿಗೆ ಅದು ಬೇಡ.

ತುಂಗಾ
ಬಸ್ಸಾ? ನಮ್ಮೂರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಜೀಪೇ ಬರಲ್ಲ.

ಹೊಳೆದಂಡೆ
ನೇರ ಮಾತು ಅಣ್ಣ, ಬೇಜಾರಿಲ್ಲ. ಈ ಪ್ರಶ್ನೆ ನಮ್ಮೂರಲ್ಲೂ ಬಂದಿದೆ. ಪಕ್ಕದ ಶಾಲೆ ನಾಲ್ಕು ಕಿಲೋಮೀಟರ್. ನಡುವೆ ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಆರು ವರ್ಷದ ಮಗುವನ್ನು ಮಳೆಗಾಲದಲ್ಲಿ ಅದರ ಮೇಲೆ ಯಾವ ತಾಯಿ ಕಳಿಸುತ್ತಾಳೆ? ಶಾಲೆ ಮುಚ್ಚಿದರೆ ಕೂಲಿಗೆ ಹೋಗೋ ಮನೆಯ ಹುಡುಗಿಯರು ಮೊದಲು ಬಿಡುತ್ತಾರೆ. ಇದು ಊಹೆ ಅಲ್ಲ. ಪಕ್ಕದ ಊರಲ್ಲಿ ಮುಚ್ಚಿದಾಗ ಇಬ್ಬರು ಬಿಟ್ಟರು. ಅವರಲ್ಲಿ ಒಬ್ಬಳು ನನ್ನ ತವರುಮನೆ ಪಕ್ಕದವಳು.

ಕರಿಹಲಗೆ
ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ 1 ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ 3 ಕಿ.ಮೀ. ಒಳಗೆ ಇರಬೇಕು. ಸುಮ್ನೆ ಯಾರೋ ಬರೆದಿದ್ದಲ್ಲ, ಪುಟ್ಟ ಮಗು ನಡೆಯಬಹುದಾದ ದೂರ ಅದು. ಬಯಲಲ್ಲಿ ಐದು ಶಾಲೆ ಸೇರಿಸೋದು ಬೇರೆ, ಘಟ್ಟದಲ್ಲಿ ಸೇರಿಸೋದು ಬೇರೆ. ಆದರೆ ನೇರ ಮಾತು ಅವರ ಏಕೋಪಾಧ್ಯಾಯ ಶಾಲೆಯ ಮಾತು ನಿಜ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಕಾಯ್ದೆ ಹೇಳಿದರೂ ಒಬ್ಬರೇ ನಡೆಸುವ ಶಾಲೆಗಳು ಇನ್ನೂ ಇವೆ.

ನೇರ ಮಾತು
ದೂರದ ವಿಷಯ ಒಪ್ಪಿದೆ. ಆದರೂ ಹಣ ಎಲ್ಲಿಂದ ತರೋದು ಅಂತ ಯಾರೂ ಹೇಳುತ್ತಿಲ್ಲ.

ತೆರಿಗೆ ಕಟ್ಟುವವ
ಹಣ ಇದೆ ಸರ್. ನಾನು ಆದಾಯ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುತ್ತೇನೆ. 2004ರಲ್ಲಿ ಶೇ 2ರಿಂದ ಶುರು ಮಾಡಿದರು. 2007ರಲ್ಲಿ ಇನ್ನೊಂದು ಸೇರಿತು. 2018ರಿಂದ 4. ಶಾಲೆಗೆ ಅಂತಲೇ ಕಟ್ಟಿಸಿಕೊಂಡ ದುಡ್ಡು ಇದು. ಅದರಿಂದ ಒಂದು ಶಾಲೆಯ ಹೆಂಚು ಹಾಕಿಸಲು ಆಗಲ್ಲ ಅಂದರೆ ನಾನು ಕೇಳಬಾರದಾ?

ನಿವೃತ್ತ ಗುಮಾಸ್ತ
ಖಂಡಿತ ಕೇಳಬೇಕು. ಆದರೆ ಸೆಸ್ ಹಣವನ್ನು ಕೇಂದ್ರ ರಾಜ್ಯಗಳಿಗೆ ಪಾಲು ಮಾಡಿ ಕೊಡಬೇಕಿಲ್ಲ. ಉಳಿದ ತೆರಿಗೆಯಲ್ಲಿ ರಾಜ್ಯಕ್ಕೆ ಪಾಲಿದೆ, ಸೆಸ್‌ನಲ್ಲಿ ಇಲ್ಲ. ಅದು ಯೋಜನೆಗಳ ಮೂಲಕ ಮಾತ್ರ ಬರುತ್ತದೆ. ಸಮಗ್ರ ಶಿಕ್ಷಣದಲ್ಲಿ ಕೇಂದ್ರ 60, ನಮ್ಮ ರಾಜ್ಯ 40. ಶಾಲಾ ಅನುದಾನದ ಗೆರೆಗಳನ್ನು ಎಳೆದಿದ್ದು ಕೇಂದ್ರದ ಮಾರ್ಗಸೂಚಿ. ಪ್ರತಿ ವರ್ಷ ರಾಜ್ಯ ಒಂದು ವಾರ್ಷಿಕ ಯೋಜನೆ ಬರೆದು ದೆಹಲಿಗೆ ಕಳಿಸುತ್ತದೆ. ಅಲ್ಲಿನ ಯೋಜನಾ ಅನುಮೋದನಾ ಮಂಡಳಿ ಅದನ್ನು ಕತ್ತರಿಸಿ ಒಪ್ಪುತ್ತದೆ. ಆ ಸಭೆಯ ನಡಾವಳಿ ಯಾರು ಬೇಕಾದರೂ ಓದಬಹುದು. ನಮ್ಮ ರಾಜ್ಯದ್ದನ್ನು ಒಮ್ಮೆ ಓದಿ, ಯಾವುದಕ್ಕೆ ಎಷ್ಟು ಕೇಳಿದ್ದರು, ಎಷ್ಟು ಸಿಕ್ಕಿತು ಅಂತ ಗೊತ್ತಾಗುತ್ತದೆ.

ನಾನು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಹಣ ಎಷ್ಟು ಅನ್ನೋದರಷ್ಟೇ ಮುಖ್ಯ ಹಣ ಯಾವಾಗ ಅನ್ನೋದು. ಶಾಲೆ ಶುರುವಾಗೋದು ಜೂನ್‌ಗೆ ಹತ್ತಿರ. ಅನುದಾನದ ಕಂತು ಎಷ್ಟೋ ಸಲ ಜನವರಿ ದಾಟುತ್ತಿತ್ತು. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. 2021ರಿಂದ ಶಾಲೆಯ ಖಾತೆ ಶೂನ್ಯ ಶಿಲ್ಕಿನ ಖಾತೆ. ಮೊದಲಿನ ಹಾಗೆ ಉಳಿಸಿಕೊಂಡು ಮುಂದಿನ ಮಳೆಗೆ ಇಟ್ಟುಕೊಳ್ಳಲು ಆಗಲ್ಲ. ಹೀಗಾಗಿ ಮಾರ್ಚ್‌ನಲ್ಲಿ ಹೆಡ್‌ಮಾಸ್ಟರ್‌ಗಳು ಓಡಾಡಿ ಬೇಕಾದ್ದು ಬೇಡದ್ದು ಎಲ್ಲ ಕೊಳ್ಳುತ್ತಿದ್ದರು. ಅವರನ್ನು ಬೈದು ಪ್ರಯೋಜನ ಇಲ್ಲ. ನಾನೂ ಆಗ ಬೈದಿದ್ದೇನೆ. ಈಗ ಅದು ತಪ್ಪು ಅನ್ನಿಸುತ್ತದೆ.

ಕರಿಹಲಗೆ
ಗುಮಾಸ್ತರ ಬಾಯಿಂದ ಈ ಮಾತು ಕೇಳಿ ಸಮಾಧಾನ ಆಯಿತು ಸರ್. ಜೂನ್‌ನಿಂದ ಜನವರಿವರೆಗೆ ಅಂಗಡಿಯಲ್ಲಿ ಸಾಲ ಹೇಳಿ ಚಾಕ್‌ಪೀಸ್ ತಂದವರು ನಾವು.

ಬಯಲುಸೀಮೆ
ಕೇಂದ್ರದ ತಪ್ಪೇ ಇದು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದಲ್ಲಿ ನಮ್ಮ ರಾಜ್ಯದ ಪಾಲು ಶೇ 4.71 ಇತ್ತು. 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. ಹೀಗಾದರೆ ರಾಜ್ಯ ಶಾಲೆಗೆ ಎಲ್ಲಿಂದ ಕೊಡುತ್ತೆ?

ತೆರಿಗೆ ಕಟ್ಟುವವ
ಎಲ್ಲದಕ್ಕೂ ದೆಹಲಿ ಕಡೆ ಕೈ ತೋರಿಸಿದರೆ ರಾಜ್ಯ ಸುಲಭವಾಗಿ ತಪ್ಪಿಸಿಕೊಳ್ಳುತ್ತೆ. 2025-26ರ ರಾಜ್ಯ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ಶಿಕ್ಷಣಕ್ಕೆ ಸುಮಾರು 45 ಸಾವಿರ ಕೋಟಿ. ನೂರಕ್ಕೆ 11. ಅದರಲ್ಲಿ ಬಹುಪಾಲು ಸಂಬಳ. ಸಂಬಳ ಬೇಕೇ ಬೇಕು, ಅದನ್ನು ಕಡಿಮೆ ಮಾಡಿ ಅನ್ನೋದಿಲ್ಲ. ಆದರೆ ಹೆಂಚು, ನೀರು, ಪುಸ್ತಕಕ್ಕೆ ಉಳಿಯೋದು ಎಷ್ಟು? ಕೊಠಾರಿ ಆಯೋಗ 1966ರಲ್ಲೇ ದೇಶದ ಉತ್ಪನ್ನದ ಶೇ 6 ಶಿಕ್ಷಣಕ್ಕೆ ಕೊಡಿ ಅಂದಿತ್ತು. 2020ರ ಹೊಸ ನೀತಿಯಲ್ಲೂ ಅದೇ 6 ಬರೆದಿದ್ದಾರೆ. ಇಷ್ಟು ವರ್ಷ ಆದರೂ ಬರೆಯುತ್ತಲೇ ಇದ್ದೇವೆ.

ಬಯಲುಸೀಮೆ
ಕೇಂದ್ರ ಹಣ ಹಿಡಿದರೆ ಏನಾಗುತ್ತೆ ಅಂತ ತಮಿಳುನಾಡನ್ನು ಕೇಳಿ. ಕೇಂದ್ರದ ಮಾದರಿ ಶಾಲೆ ಯೋಜನೆ ಪಿಎಂ ಶ್ರೀಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲ ಅಂತ 2024-25ರಲ್ಲಿ ಅವರ ಸಮಗ್ರ ಶಿಕ್ಷಣದ ಹಣವೇ ನಿಂತಿತ್ತು. ಮಕ್ಕಳು ಏನು ತಪ್ಪು ಮಾಡಿದ್ದರು?

ತುಂಗಾ
ಅದೇ ತಮಿಳುನಾಡು 2022ರಲ್ಲಿ ತನ್ನ ದುಡ್ಡಲ್ಲೇ ಶಾಲೆಯಲ್ಲಿ ಬೆಳಗಿನ ತಿಂಡಿ ಶುರು ಮಾಡಿತು. ಮನಸ್ಸಿದ್ದರೆ ರಾಜ್ಯವೂ ಮಾಡಬಹುದು. ನಮ್ಮಲ್ಲೂ 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗೆ ಕರೆಂಟು, ನೀರು ಉಚಿತ ಅಂತ ಮುಖ್ಯಮಂತ್ರಿ ಘೋಷಣೆ ಮಾಡಿದರು. ಅದಕ್ಕೆ ಮೊದಲು ಕರೆಂಟ್ ಬಿಲ್ಲೂ ಈ 10 ಸಾವಿರದಲ್ಲೇ ಹೋಗುತ್ತಿತ್ತು. ಕೇಳಿ ಕೇಳಿ ಸಿಕ್ಕಿದ್ದು ಅದು.

ಹಳೇ ಬೆಂಚು
2022ರ ಅಕ್ಟೋಬರ್ ನೆನಪಿದೆಯಾ? ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಎಸ್‌ಡಿಎಂಸಿಗಳಿಗೆ ಆದೇಶ ಬಂದಿತ್ತು. ಜನ ಸಿಟ್ಟಾದರು. ಎರಡು ಮೂರು ದಿನದಲ್ಲಿ ವಾಪಸ್ ತೆಗೆದುಕೊಂಡರು. ಗಟ್ಟಿಯಾಗಿ ಕೇಳಿದರೆ ಆಗುತ್ತೆ ಅನ್ನೋದಕ್ಕೆ ಅದೂ ಸಾಕ್ಷಿ.

ಅಂಬಲಿ
ನನ್ನ ಅಮ್ಮ ಬಿಸಿಯೂಟದ ಅಡುಗೆಯವರು. ಶಾಲೆಗೆ ಹಣ ಅಂದ ತಕ್ಷಣ ಕಟ್ಟಡ, ಕಂಪ್ಯೂಟರ್ ಅಂತ ಎಲ್ಲರೂ ಮಾತಾಡುತ್ತಾರೆ. ಅಡುಗೆಯವರಿಗೆ ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1,000 ರೂಪಾಯಿ ಗೌರವಧನ. 2009ರಲ್ಲಿ ನಿಗದಿ ಮಾಡಿದ್ದು ಅದು. ಅದೂ ವರ್ಷಕ್ಕೆ ಹತ್ತು ತಿಂಗಳಿಗೆ. ಉಳಿದದ್ದನ್ನು ರಾಜ್ಯ ಸೇರಿಸುತ್ತೆ. 2025-26ರ ಬಜೆಟ್‌ನಲ್ಲಿ ರಾಜ್ಯ ಸಾವಿರ ಜಾಸ್ತಿ ಮಾಡಿತು, ಅದಕ್ಕೆ ಅಮ್ಮಂದಿರು ಎಷ್ಟು ಸಲ ಬೆಂಗಳೂರಿಗೆ ಹೋಗಿ ರಸ್ತೆಯಲ್ಲಿ ಕೂತಿದ್ದಾರೆ ಗೊತ್ತಾ? ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮೂರರವರೆಗೆ ಹೊಗೆ, ಪಾತ್ರೆ. ನೀವು ಸರ್ಕಾರವನ್ನು ಕೇಳುವ ಪಟ್ಟಿಯಲ್ಲಿ ಅವರನ್ನೂ ಬರೆಯಿರಿ ಅಕ್ಕ.

ಕೃಷ್ಣೆ ದಂಡಿ
ಅತಿಥಿ ಶಿಕ್ಷಕರನ್ನೂ ಬರೆಯಿರಿ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರ ಇತ್ತು. 2025-26ರಲ್ಲಿ 2 ಸಾವಿರ ಏರಿಸಿದರು. ಬಿ.ಇಡಿ. ಮಾಡಿದ ಹುಡುಗಿ, ನಮ್ಮ ಶಾಲೆಯಲ್ಲಿ ಗಣಿತ ಹೇಳುವವಳು, ಬೇಸಿಗೆಯಲ್ಲಿ ಹತ್ತಿ ಗಿರಣಿಗೆ ಹೋಗುತ್ತಾಳೆ. ಪಾಠ ಮಾತ್ರ ಎಲ್ಲರಿಗಿಂತ ಚಂದ ಮಾಡುತ್ತಾಳೆ.

ಎರಡು ಜಡೆ
ಇಂಗ್ಲಿಷ್ ಮೀಡಿಯಂ ಕೊಡಲಿ, ಮಕ್ಕಳು ತಾವೇ ಬರುತ್ತಾರೆ. ಮಕ್ಕಳು ಬಂದರೆ ಹಣವೂ ಬರುತ್ತೆ.

ಕನ್ನಡದ ಕಂದ
2019-20ರಲ್ಲಿ ಸಾವಿರ ಶಾಲೆಯಲ್ಲಿ ಇಂಗ್ಲಿಷ್ ವಿಭಾಗ ತೆರೆದರಲ್ಲ. ಇಂಗ್ಲಿಷ್ ಕಲಿಸಲು ಬೇರೆ ಶಿಕ್ಷಕರನ್ನು ಕೊಟ್ಟರಾ? ಇದ್ದ ಶಿಕ್ಷಕರಿಗೇ ಕೆಲವು ದಿನ ತರಬೇತಿ ಕೊಟ್ಟರು. ಬೋರ್ಡು ಬದಲಾಯಿಸಿದರೆ ಶಾಲೆ ಬದಲಾಗಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ 2017ರಲ್ಲಿ ಸರ್ಕಾರಿ ಶಾಲೆಗಳ ಸಬಲೀಕರಣದ ಬಗ್ಗೆ ಒಂದು ವರದಿ ಕೊಟ್ಟಿದೆ. ಎಸ್.ಜಿ. ಸಿದ್ದರಾಮಯ್ಯ ಆಗ ಅಧ್ಯಕ್ಷರು. ಅದನ್ನು ಜಾರಿ ಮಾಡಲಿ ಮೊದಲು.

ಎರಡು ಜಡೆ
ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ ಸರ್?

ಕನ್ನಡದ ಕಂದ
ಸರ್ಕಾರಿ ಶಾಲೆಯಲ್ಲಿ. ಇಬ್ಬರೂ. ಕೇಳಿದ್ದಕ್ಕೆ ಬೇಜಾರಿಲ್ಲ, ಎಲ್ಲರೂ ಕೇಳುತ್ತಾರೆ.

ಎರಡು ಜಡೆ
ಹಾಗಿದ್ದರೆ ನಿಮ್ಮ ಮಾತಿಗೆ ತೂಕ ಇದೆ. ನಾನು ನನ್ನ ಮಗನನ್ನು ಖಾಸಗಿಗೆ ಹಾಕಿದ್ದೇನೆ, ಸಾಲ ಮಾಡಿ. ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇರಲಿಲ್ಲ. ಆಗ ಮಗಳೂ ಅಲ್ಲೇ ಓದುತ್ತಿದ್ದಳು. ಇಬ್ಬರನ್ನೂ ಬಿಡಿಸಿದೆ. ಬಾಗಿಲು ಹಾಕಿಸಿದ್ದರೆ ಬಿಡಿಸುತ್ತಿರಲಿಲ್ಲ.

ಹೊಳೆದಂಡೆ
ಅಕ್ಕ, ನೀವು ಹೇಳಿದ್ದೇ ನಡೆಯುತ್ತಿರೋದು. ಹಣ ಇಲ್ಲ ಅಂತ ಬಾಗಿಲು ಇಲ್ಲ. ಬಾಗಿಲು ಇಲ್ಲ ಅಂತ ಮಕ್ಕಳು ಹೋದರು. ಮಕ್ಕಳು ಹೋದರು ಅಂತ ಅನುದಾನ ಇಳಿಯಿತು. ನಮ್ಮ ಶಾಲೆಯಲ್ಲಿ ಆರು ವರ್ಷದ ಹಿಂದೆ 34 ಮಕ್ಕಳಿದ್ದರು.

ಹಳೇ ಬೆಂಚು
ಒಂದು ವಿಷಯ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗೆ ಸೇರಿದ ಬಡ ಮಗುವಿಗೆ ಸರ್ಕಾರ ವರ್ಷಕ್ಕೆ 16 ಸಾವಿರದವರೆಗೆ ಶುಲ್ಕ ಕಟ್ಟುತ್ತಿತ್ತು. ಅದೇ ಮಗು ಸರ್ಕಾರಿ ಶಾಲೆಯಲ್ಲಿ ಕೂತರೆ 526 ರೂಪಾಯಿ. ಇದಕ್ಕಿಂತ ಅನ್ಯಾಯ ಬೇಕಾ?

ಲೆಕ್ಕದ ಹುಡುಗ
ಆ ಹೋಲಿಕೆ ಸರಿಯಲ್ಲ, ಬರೆಯಬೇಡಿ. 16 ಸಾವಿರದಲ್ಲಿ ಶಿಕ್ಷಕರ ಸಂಬಳವೂ ಸೇರಿದೆ. 526ರಲ್ಲಿ ಸೇರಿಲ್ಲ. ಸರ್ಕಾರಿ ಶಾಲೆಯ ಸಂಬಳ, ಪುಸ್ತಕ, ಸಮವಸ್ತ್ರ, ಊಟ ಎಲ್ಲ ಸೇರಿಸಿದರೆ ಮೊತ್ತ ಬೇರೆಯೇ ಆಗುತ್ತೆ. ಇಂಥ ಒಂದು ತಪ್ಪು ಲೆಕ್ಕ ಅರ್ಜಿಯಲ್ಲಿದ್ದರೆ ಅಧಿಕಾರಿಗಳು ಅದನ್ನೇ ಹಿಡಿದು ಇಡೀ ಅರ್ಜಿ ಬದಿಗಿಡುತ್ತಾರೆ. ಜೊತೆಗೆ, 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗಲ್ಲ ಅಂತ ರಾಜ್ಯದ ನಿಯಮ ಬದಲಾಗಿದೆ.

ಹಳೇ ಬೆಂಚು
ಸರಿ, ತಿದ್ದಿಕೊಂಡೆ. ಆದರೆ ಅದೇ 2019ರ ನಿಯಮ ಇನ್ನೊಂದು ಮಾತು ಹೇಳುತ್ತೆ ನೋಡಿ. ಪಕ್ಕದಲ್ಲಿ ಸರ್ಕಾರಿ ಶಾಲೆ ಇದೆ, ಅಲ್ಲಿಗೇ ಹೋಗಿ ಅಂತ ಸರ್ಕಾರವೇ ಹೇಳಿದ ಮೇಲೆ ಆ ಶಾಲೆ ಸೋರಬಾರದು ಅಲ್ವಾ?

ಲೆಕ್ಕದ ಹುಡುಗ
ಇದನ್ನು ಖಂಡಿತ ಬರೆಯಿರಿ.

ನೇರ ಮಾತು
ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಹೇಳಿತ್ತಲ್ಲ, ಅಧಿಕಾರಿಗಳು, ರಾಜಕಾರಣಿಗಳ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಬೇಕು ಅಂತ. ಅದೊಂದು ಆದರೆ ಉಳಿದಿದ್ದೆಲ್ಲ ತಾನಾಗಿ ಸರಿಯಾಗುತ್ತೆ.

ಕೃಷ್ಣೆ ದಂಡಿ
ಅದು ಆಗೋವರೆಗೆ ನಮ್ಮ ಮಕ್ಕಳು ಕಾಯಬೇಕಾ ಸರ್? ನಾನು ಇನ್ನೊಂದು ಹೇಳುತ್ತೇನೆ. ಪ್ರಾದೇಶಿಕ ಅಸಮತೋಲನ ಅಳೆಯಲು ರಾಜ್ಯ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 175 ತಾಲ್ಲೂಕುಗಳನ್ನು 35 ಸೂಚಕ ಇಟ್ಟು ಅಳೆದು 114 ಹಿಂದುಳಿದವು ಅಂತ ಹೇಳಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಅಂದರೆ ಯಾವ ತಾಲ್ಲೂಕಿಗೆ ಜಾಸ್ತಿ ಬೇಕು ಅಂತ ಅಳೆಯುವ ಕೋಲು ನಮ್ಮ ಹತ್ತಿರವೇ ಇದೆ. ಆದರೆ ಶಾಲಾ ಅನುದಾನ ಕೊಡುವಾಗ ಆ ಕೋಲು ಬಳಸುವುದೇ ಇಲ್ಲ. ಬೆಂಗಳೂರಿನ ಪಕ್ಕದ ಶಾಲೆಗೆ ಕಂಪನಿಯವರು ಬಂದು ಬಣ್ಣ ಹೊಡೆದು ಸ್ಮಾರ್ಟ್ ಕ್ಲಾಸ್ ಮಾಡಿಕೊಡುತ್ತಾರೆ. ನಮ್ಮೂರಿಗೆ ಯಾವ ಕಂಪನಿ ಬರುತ್ತದೆ? ದಾನ ರಸ್ತೆ ಚೆನ್ನಾಗಿರೋ ಕಡೆ ಹೋಗುತ್ತದೆ. ಸರ್ಕಾರದ ಹಣ ಎಲ್ಲಿ ಬೇಕೋ ಅಲ್ಲಿಗೆ ಹೋಗಬೇಕು.

ಬಯಲುಸೀಮೆ
ನಿಮಗೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಮಂಡಳಿ ಇದೆ. ನಮ್ಮ ಚಾಮರಾಜನಗರದ ಕಾಡಂಚಿನ ಶಾಲೆಗೆ ಅಂಥ ವಿಶೇಷ ಸ್ಥಾನಮಾನ ಎಲ್ಲಿದೆ?

ಕೃಷ್ಣೆ ದಂಡಿ
ಮಂಡಳಿ ಇದೆ, ಅದರಿಂದ ನಮ್ಮಲ್ಲಿ ಕೋಣೆಗಳೂ ಆಗಿವೆ. ಇಲ್ಲ ಅನ್ನಲ್ಲ. ಆದರೆ ಕೋಣೆ ಕಟ್ಟಿದವರು ಶಿಕ್ಷಕರನ್ನು ಕೊಡಲ್ಲ. ನಂಜುಂಡಪ್ಪ ವರದಿ ಉತ್ತರಕ್ಕೆ ಮಾತ್ರ ಅಂತ ತಿಳಿಯಬೇಡಿ. 114ರಲ್ಲಿ 59 ಉತ್ತರದವು, 55 ದಕ್ಷಿಣದವು. ನಿಮ್ಮ ಕಾಡಂಚಿನ ಊರಿಗೂ ಅದೇ ಕೋಲು. ನಾವು ಜಗಳ ಆಡೋದು ಬೇಡ ತಮ್ಮ.

ಬಯಲುಸೀಮೆ
55 ಅಂತ ಗೊತ್ತಿರಲಿಲ್ಲ. ಸರಿ ಅಣ್ಣ.

ನಿವೃತ್ತ ಗುಮಾಸ್ತ
ಆ ವರದಿಗೆ ಎರಡು ದಶಕ ಕಳೆದಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಗೋವಿಂದ ರಾವ್ ಅವರ ಸಮಿತಿ ಮಾಡಿದರು. ಶಾಲೆಯ ಹಣಕ್ಕೂ ಅದನ್ನು ಜೋಡಿಸಿ ಅಂತ ಈಗ ಕೇಳಿದರೆ ಅರ್ಥ ಇದೆ.

ಆದರೆ ಹೊಳೆದಂಡೆ ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಯಾರೂ ಕೊಟ್ಟಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಓದಿ. ಶಾಲಾ ಸಮಿತಿ ಒಂದು ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು ಅನ್ನುತ್ತೆ. ಅಷ್ಟು ಎಲ್ಲರಿಗೂ ಗೊತ್ತು. ಅದರ ಎರಡನೇ ಉಪಕಲಂ ಯಾರೂ ಓದಲ್ಲ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು ಅಂತ ಅದರಲ್ಲಿದೆ. ತಲೆ ಎಣಿಕೆ ಅಲ್ಲ, ನಿಮ್ಮ ಯೋಜನೆ. ಕಾನೂನು ಹೇಳೋದು ಒಂದು, ಗೆರೆ ಎಳೆದು ಕೊಡುತ್ತಿರೋದು ಇನ್ನೊಂದು.

ನನ್ನ ಸೇವೆಯಲ್ಲಿ ಸಾವಿರಾರು ಶಾಲಾ ಯೋಜನೆ ನೋಡಿದ್ದೇನೆ. ಬಹಳಷ್ಟು ಒಂದೇ ಪ್ರತಿಯ ನಕಲು. ಶಾಲೆಯ ಹೆಸರು ಮಾತ್ರ ಬೇರೆ. ಹೇಗಿದ್ದರೂ ಬರೋದು ಬರುತ್ತೆ, ಯಾಕೆ ಬರೆಯಬೇಕು ಅಂತ ಅವರು. ಬಂದಿದ್ದನ್ನು ಯಾರು ಓದುತ್ತಾರೆ ಅಂತ ನಾವು.

ಹೊಳೆದಂಡೆ
ಸರ್, ಇದನ್ನು ಮೂರು ಸಲ ಓದಿದೆ. ಹಾಗಾದರೆ ಅಧ್ಯಕ್ಷೆ ಅಂತ ನನಗೆ ಸಹಿಗಿಂತ ದೊಡ್ಡ ಕೆಲಸ ಇದೆ. ನಮ್ಮ ಶಾಲೆಯ ಯೋಜನೆ ಎಲ್ಲಿದೆ ಅಂತ ನಾಳೆಯೇ ಕೇಳುತ್ತೇನೆ.

ಗದ್ದೆಬದು
ನಾವು ಮಾಡಿದ್ದನ್ನು ಹೇಳುತ್ತೇನೆ, ಉಪಯೋಗ ಆಗಬಹುದು. ಕಾಂಪೌಂಡನ್ನು ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿಕೊಂಡೆವು. ನವೆಂಬರ್‌ನಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತು ದನ ನುಗ್ಗಿ ಗಿಡ ತಿನ್ನುತ್ತವೆ ಅಂದಳು. ಪಿಡಿಒ ಬರೆದುಕೊಂಡರು. ನಾವು ಬಿಡದೆ ಮುಂದಿನ ಗ್ರಾಮ ಸಭೆಯಲ್ಲಿ ನಡಾವಳಿ ಓದಿಸಿದೆವು. ಆ ವರ್ಷವೇ ಕ್ರಿಯಾ ಯೋಜನೆಗೆ ಸೇರಿತು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ನಡಾವಳಿಯಲ್ಲಿ ಬರೆಸಿದ್ದು ಉಳಿಯುತ್ತೆ. ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ಕರಿಹಲಗೆ
ಯುಡೈಸ್‌ನಲ್ಲಿ, ಅಂದರೆ ಎಲ್ಲ ಶಾಲೆಗಳ ವಿವರ ಇರುವ ಸರ್ಕಾರಿ ದಾಖಲೆಯಲ್ಲಿ, ನಿಮ್ಮ ಶಾಲೆಯ ವಿವರ ಸರಿ ಇದೆಯಾ ನೋಡಿ ಮೇಡಂ. ಎಷ್ಟೋ ಕಡೆ ಸೋರುವ ಕೋಣೆ "ಉತ್ತಮ" ಅಂತ ದಾಖಲಾಗಿರುತ್ತೆ. ಕಾಗದದಲ್ಲಿ ಚೆನ್ನಾಗಿದ್ದರೆ ದುರಸ್ತಿಗೆ ಹಣ ಹೇಗೆ ಬರುತ್ತೆ?

ಹೊಳೆದಂಡೆ
(ಹನ್ನೊಂದು ದಿನದ ನಂತರ)
ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಯಿತು.

ಕರಿಹಲಗೆ ಸರ್ ಹೇಳಿದ್ದು ನಿಜ ಆಯಿತು. ನಮ್ಮ ಎರಡೂ ಕೋಣೆ "ಉತ್ತಮ" ಅಂತಲೇ ಇದ್ದವು. ತಿದ್ದಲು ಕೊಟ್ಟಿದ್ದೇವೆ. ಹಳೇ ಅಭಿವೃದ್ಧಿ ಯೋಜನೆ ಸಿಕ್ಕಿತು. ಗುಮಾಸ್ತರು ಹೇಳಿದ ಹಾಗೆ ನಕಲು. ಅದರಲ್ಲಿ ನಮ್ಮ ಶಾಲೆಗೆ "ಹೈಟೆಕ್ ಪ್ರಯೋಗಾಲಯ" ಬೇಕು ಅಂತ ಇತ್ತು. ಹೆಂಚಿನ ಮಾತೇ ಇರಲಿಲ್ಲ.

ಭಾನುವಾರ ಪೋಷಕರೆಲ್ಲ ಸೇರಿದೆವು. 14 ಮನೆಯಿಂದ 17 ಜನ ಬಂದರು. ಅಷ್ಟು ಜನ ಯಾವತ್ತೂ ಬಂದಿರಲಿಲ್ಲ. ಶಾಲೆಯಲ್ಲಿ ಏನೇನು ಎಷ್ಟು ದಿನ ಬಾಳುತ್ತೆ, ಎಷ್ಟು ಖರ್ಚು ಅಂತ ಒಂದೊಂದಾಗಿ ಬರೆದೆವು. ಬಡಗಿ ಅವರೇ ಬಂದು ಪಕಾಸು, ರೀಪು, ಹೆಂಚು ಎಣಿಸಿ ಬರೆಸಿದರು. ಮಾತು ಬಾರದ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ನೀರಿನ ಟ್ಯಾಂಕ್ ತೋರಿಸಿದರು. ಅದರ ಮುಚ್ಚಳ ಒಡೆದಿದ್ದು ನಾವ್ಯಾರೂ ನೋಡಿರಲಿಲ್ಲ. ಛಾವಣಿ ಬಿಟ್ಟು ವರ್ಷಕ್ಕೆ ಕಡೇಪಕ್ಷ 31 ಸಾವಿರ ಬೇಕು ಅಂತ ಲೆಕ್ಕ ಬಂತು. ಯಾವ ಐಷಾರಾಮವೂ ಇಲ್ಲದೆ.

ಅರ್ಜಿಯಲ್ಲಿ ಹೀಗೆ ಕೇಳಬೇಕು ಅಂತಿದ್ದೇವೆ. ಮಕ್ಕಳು ಎಷ್ಟೇ ಇರಲಿ, ಪ್ರತಿ ಶಾಲೆಗೂ ಒಂದು ಮೂಲ ಮೊತ್ತ. ಅದರ ಮೇಲೆ ಮಗುವಿಗೆ ಇಷ್ಟು, ಎಲ್ಲೂ ಗೆರೆ ಇಲ್ಲದೆ, 612 ಮಕ್ಕಳಿಗೆ 612 ಪಾಲು. ಕಟ್ಟಡ ದುರಸ್ತಿ ಬೇರೆ ಖಾತೆ. ಹಿಂದುಳಿದ ತಾಲ್ಲೂಕಿಗೆ, ಮಳೆ ಜಾಸ್ತಿ ಇರೋ ಕಡೆಗೆ ಹೆಚ್ಚುವರಿ. ಹಣ ಜೂನ್‌ನಲ್ಲಿ ಬರಬೇಕು. ಕೇಂದ್ರದ ಗೆರೆ ಬದಲಾಗೋವರೆಗೆ ರಾಜ್ಯ ತನ್ನ ಕಡೆಯಿಂದ ತುಂಬಬೇಕು. ಅಡುಗೆಯವರು, ಅತಿಥಿ ಶಿಕ್ಷಕರ ವಿಷಯ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಒಂದರಲ್ಲೇ ಬರೆದರೆ ಯಾವ ಮೇಜಿಗೂ ಸೇರಲ್ಲ ಅಂತ ಟೀಚರ್ ಹೇಳಿದರು. ಸರಿನಾ?

ಅಂಬಲಿ
ಸರಿ ಅಕ್ಕ. ಬರೆದಿರಲ್ಲ, ಅಮ್ಮನಿಗೆ ಓದಿ ಹೇಳಿದೆ.

ನಿವೃತ್ತ ಗುಮಾಸ್ತ
ಮೊದಲ ಸಾಲಿನಲ್ಲೇ ಕಲಂ 22(2) ಬರಲಿ. "ಮನವಿ" ಅಂತ ಬೇಡ, "ಶಾಲಾ ಅಭಿವೃದ್ಧಿ ಯೋಜನೆ ಸಲ್ಲಿಕೆ" ಅಂತ ವಿಷಯ ಹಾಕಿ. ಮನವಿಗೆ ಉತ್ತರ ಕೊಡದಿದ್ದರೂ ನಡೆಯುತ್ತೆ. ಯೋಜನೆ ಸಲ್ಲಿಸಿದರೆ ಏನು ಮಾಡಿದಿರಿ ಅಂತ ಆರು ತಿಂಗಳಾದ ಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ, ಒಂದು ಬಿಇಒಗೆ, ಒಂದು ನಿಮ್ಮ ಶಾಸಕರಿಗೆ.

ನೇರ ಮಾತು
ನಾನು ಶಾಲೆ ಸೇರಿಸಿ ಅಂದವನು. ಬಯಲಿನ ಊರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಮೂಲ ಮೊತ್ತದ ಮಾತು ನನಗೆ ಒಪ್ಪಿಗೆ. ನಮ್ಮೂರ ಎಸ್‌ಡಿಎಂಸಿಯವರಿಗೂ ಹೇಳುತ್ತೇನೆ, ನಿಮ್ಮ ಅರ್ಜಿಯ ಪ್ರತಿ ಸಿಗುತ್ತಾ?

ಹೊಳೆದಂಡೆ
ಟೀಚರ್ ಬುಧವಾರ ಪೇಟೆಗೆ ಹೋದಾಗ ಟೈಪ್ ಮಾಡಿಸಿ ತರುತ್ತಾರೆ. ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.

ಕೃಷ್ಣೆ ದಂಡಿ
ಅಕ್ಕಾರ, ಎರಡು ದಿನ ತಡೆಯಿರಿ. ನಮ್ಮ ಶಾಲೆಯ ಲೆಕ್ಕವನ್ನೂ ನಿಮ್ಮ ಹಾಗೆ ಕೂತು ಬರೆಯುತ್ತೇವೆ. 19ರದ್ದು, 612ರದ್ದು ಎರಡೂ ಒಟ್ಟಿಗೆ ಹೋಗಲಿ.

ಹೊಳೆದಂಡೆ
ಆಯಿತು ಅಣ್ಣ, ಕಾಯುತ್ತೇವೆ. ಮರದ ಕೆಳಗೆ ಎಷ್ಟು ಮಕ್ಕಳು ಕೂರುತ್ತಾರೆ ಅಂತಲೂ ಬರೆಯಿರಿ.